ದೊಡ್ಡಮ್ಮ ಬಿಲ್ಲು ಹಿಡಿದ ಎರಡು ವರ್ಷ

ಮೊನ್ನೆ ಆಲ್ಕೊಳ ಸರ್ಕಲ್ಲಿನ ಹತ್ತಿರ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಈ ವಯಸ್ಸಿನಲ್ಲಿ ಬರಿಗಾಲಲ್ಲಿ ಮನೆಗೆ ಬಂದರೆ ಸೊಸೆ ಸುಮ್ಮನೆ ಬಿಡುವವಳಲ್ಲ. ಮೂಲೆಯಲ್ಲಿ ಕೂತು ಚಪ್ಪಲಿ ಹೊಲಿಯುವವನ ಮುಂದೆ, ಅವನ ಕೊಡೆಯ ಕೋಲು ಹಿಡಿದುಕೊಂಡು ಒಂಟಿ ಕಾಲಲ್ಲಿ ನಿಂತೆ. ಅವನು ದಾರವನ್ನು ಒಂದು ಮೇಣದ ಉಂಡೆಗೆ ತಿಕ್ಕಿ ತಿಕ್ಕಿ ಎಳೆದ. ಜೇನುಮೇಣ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅರವತ್ತರ ದಶಕದ ನಮ್ಮ ಹಿತ್ತಿಲ ಗೋಡೆ, ಗೋಡೆಯಾಚೆ ಬಿಲ್ಲಿನ ಹೆದೆಗೆ ಮೇಣ ಸವರುತ್ತಾ ಕೂತ ದೊಡ್ಡಮ್ಮ... “ಆಯ್ತು, ಹಾಕ್ಕೊಳ್ಳಿ ಅಜ್ಜಿ” ಎಂದು ಅವನು ಎರಡು ಸಲ ಹೇಳಬೇಕಾಯಿತು.

ದೊಡ್ಡಮ್ಮ ನನಗೆ ಸಂಬಂಧದವರೇನಲ್ಲ. ನಾನು ಮದುವೆಯಾಗಿ ಶಿವಮೊಗ್ಗಕ್ಕೆ ಬಂದಾಗ ಹಿತ್ತಿಲ ಗೋಡೆಯ ಆಚೆ ಇದ್ದ ಮನೆಯವರು. ಐವತ್ತು ದಾಟಿದ್ದರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಅವರ ಯಜಮಾನರು ಅರಣ್ಯ ಇಲಾಖೆಯಲ್ಲಿದ್ದು ನಿವೃತ್ತರಾದವರು. ಕಾಡಿನಲ್ಲಿದ್ದಾಗ ಹತ್ತಿದ ಬಿಲ್ಲಿನ ಹುಚ್ಚು ಪೆನ್ಷನ್ ಬಂದ ಮೇಲೆ ಪೂರ್ತಿ ಕೆದರಿತ್ತು. ಅವರ ಹತ್ತಿರ ಎರಡು ಬಿಲ್ಲುಗಳಿದ್ದವು. ಒಂದು ಆಳುದ್ದದ ಬಿದಿರಿನದು. ಇನ್ನೊಂದು ಗಿಡ್ಡದು, ಅದರ ತುದಿಗಳನ್ನು ಹಬೆಗೆ ಹಿಡಿದು ಮುಂದಕ್ಕೆ ಬಗ್ಗಿಸಿ ಅವರೇ ಮಾಡಿದ್ದು. ಬಾಣಕ್ಕೆ ಬೇಕಾದ, ಜೊಂಡಿನಂಥ ಲಾಳದ ಕಡ್ಡಿಯನ್ನು ಹೊಳಲೂರಿನ ಹೊಳೆ ದಂಡೆಯಿಂದ ತರಿಸುತ್ತಿದ್ದರು. ಹಿತ್ತಿಲ ಕೊನೆಯಲ್ಲಿ ಹುಲ್ಲು ತುರುಕಿದ ಗೋಣಿಚೀಲ, ಅದೇ ಗುರಿ. ದೊಡ್ಡಮ್ಮನಿಗೆ ಇದೆಲ್ಲ ತಮಾಷೆ. “ಮೊಮ್ಮಕ್ಕಳನ್ನ ಆಡಿಸೋ ವಯಸ್ಸಲ್ಲಿ ಇವರೇ ಆಡ್ತಿದಾರೆ ನೋಡೇ ಮಾರಾಯ್ತಿ” ಎಂದು ಗೋಡೆಯ ಮೇಲಿಂದ ನನಗೆ ಹೇಳಿ ನಗುತ್ತಿದ್ದರು.

ಒಂದು ಬೆಳಿಗ್ಗೆ ಯಜಮಾನರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಎಲ್ಲ ಹೋಯಿತು. ಮನುಷ್ಯ ರೋಸಿಹೋದರು. ಗಂಜಿ ಹಿಡಿದರೆ ಮುಖ ತಿರುಗಿಸುವರು. ಒಬ್ಬನೇ ಮಗ ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿದ್ದ. ಭಾನುವಾರ ಬಂದು ಅಪ್ಪನ ಕಾಲು ಒತ್ತಿ, ಕಣ್ಣು ಒರೆಸಿಕೊಂಡು ಹೋಗುತ್ತಿದ್ದ. ಯಜಮಾನರು ಹಿತ್ತಿಲ ಜಗಲಿಯ ಆರಾಮಕುರ್ಚಿಯಲ್ಲಿ ಕೂತು ಆ ಗೋಣಿಚೀಲವನ್ನೇ ನೋಡುತ್ತಿದ್ದರು.

ಒಂದು ಸಂಜೆ ಅವರು ಗಂಜಿಯ ಬಟ್ಟಲನ್ನೇ ಎಡಗೈಯಲ್ಲಿ ತಳ್ಳಿಬಿಟ್ಟರು. ದೊಡ್ಡಮ್ಮನಿಗೆ ಪಿತ್ತ ನೆತ್ತಿಗೇರಿತು. “ಗಂಜಿ ಬೇಡ, ಬಿಲ್ಲು ಬೇಕು ಅಲ್ವಾ ನಿಮಗೆ? ತಗೊಳ್ಳಿ” ಎಂದು ಸೆರಗು ಸೊಂಟಕ್ಕೆ ಸಿಗಿಸಿ, ಗಿಡ್ಡ ಬಿಲ್ಲು ತಂದು, ಬಾಣ ಹೂಡಿ ಎಳೆದುಬಿಟ್ಟರು. ಅದು ಗೋಣಿಯ ಹತ್ತಿರಕ್ಕೂ ಹೋಗದೆ ನಮ್ಮ ಗೋಡೆ ಹಾರಿ, ಒಣಹಾಕಿದ್ದ ನನ್ನ ಸೀರೆಗೆ ಸಿಕ್ಕಿಕೊಂಡಿತು. ತವರಿನವರು ಕೊಟ್ಟ ಸೀರೆ! ನಾನು ಆ ಬಾಣ ಹಿಡಿದುಕೊಂಡು ಜಗಳಕ್ಕೆಂದೇ ಗೋಡೆಯ ಹತ್ತಿರ ಹೋದೆ. ನೋಡಿದರೆ ಯಜಮಾನರು ನಗುತ್ತಿದ್ದಾರೆ, ಅರ್ಧ ಮುಖದಲ್ಲೇ, ಕಣ್ಣಲ್ಲಿ ನೀರು ಬರುವಷ್ಟು. ದೊಡ್ಡಮ್ಮ ಬಿಲ್ಲು ಕೆಳಗಿಟ್ಟು ಅವರನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ಬಟ್ಟಲಿನ ಗಂಜಿ ಖಾಲಿಯಾಯಿತು.

ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ಒಂದು ಬಾಣ, ಒಂದು ಚಮಚ ಗಂಜಿ. ಮೊಣಕೈ ತಗ್ಗಿದರೆ ಯಜಮಾನರು ಎಡಗೈ ಬೆರಳೆತ್ತಿ ತೋರಿಸುವರು, ಹೆದೆಯನ್ನು ಗಲ್ಲಕ್ಕೆ ತಾಗಿಸು ಎಂದು ತಮ್ಮ ಗಲ್ಲ ಮುಟ್ಟಿಕೊಳ್ಳುವರು. ಹೆದೆ ಬಡಿದು ದೊಡ್ಡಮ್ಮನ ಮುಂಗೈ ಕಪ್ಪುಗಟ್ಟಿತು. ಹಳೇ ಬಟ್ಟೆ ಸುತ್ತಿಕೊಂಡರು. ಗಿಡ್ಡ ಬಿಲ್ಲು ಪಳಗಿದ ಮೇಲೆ ಉದ್ದನೆಯದು. ಬಾಣಗಳು ಮೊದಲು ಗೋಣಿಗೆ, ಆಮೇಲೆ ಗೋಣಿಯ ನಡುವಿನ ಸುಣ್ಣದ ಬೊಟ್ಟಿಗೆ ಹತ್ತಿರವಾಗುತ್ತಾ ಬಂದವು. ಬೀದಿಯವರೆಲ್ಲ ಹೊಗಳಿದ್ದೇ ಹೊಗಳಿದ್ದು: ಗಂಡನ ಸೇವೆ ಅಂದರೆ ಇದು, ಕಟ್ಟಿಕೊಂಡರೆ ಇಂಥವಳನ್ನು ಕಟ್ಟಿಕೊಳ್ಳಬೇಕು. ಯಾರನ್ನೂ ಮೆಚ್ಚದ ನನ್ನ ಅತ್ತೆಯೂ ಮೆಚ್ಚಿದರು.

ಒಂದು ದಿನ ಬಟ್ಟೆ ತೆಗೆಯಲು ಹೋದಾಗ ನೋಡುತ್ತೇನೆ, ಯಜಮಾನರು ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದಾರೆ. ದೊಡ್ಡಮ್ಮ ಬಿಲ್ಲು ಇಟ್ಟಿರಲಿಲ್ಲ. ಉದ್ದನೆಯ ಬಿಲ್ಲನ್ನು ಗಲ್ಲದವರೆಗೆ ಎಳೆದು, ಉಸಿರು ಹಿಡಿದು, ಬಿಡುತ್ತಿದ್ದರು. ನಡೆದು ಹೋಗಿ ಬಾಣ ಕಿತ್ತು ತಂದು ಮತ್ತೆ ಹೂಡುತ್ತಿದ್ದರು. ನನ್ನನ್ನು ಕಂಡು ಸಣ್ಣ ಹುಡುಗಿಯ ಹಾಗೆ ನಾಚಿದರು. “ಇದೊಂದು ಹೊಡೆದು ಬಿಡ್ತೀನಿ ಕಣೇ” ಅಂದರು. ಅದಾದ ಮೇಲೆ ಇನ್ನೊಂದು, ಮತ್ತೊಂದು... ಕೊನೆಗೆ ಗೋಡೆಗೆ ಒರಗಿ ನಿಂತು ಹೇಳಿದರು: “ಎಳೆದು ಹಿಡಿದಾಗ ಒಲೆ, ಔಷಧಿ, ನಾಳೆ ಏನು ಗತಿ, ಯಾವುದೂ ತಲೇಲಿ ಇರಲ್ಲ. ಮದುವೆಯಾದಾಗಿಂದ ಹಿಂಗೆ ನನ್ನಷ್ಟಕ್ಕೆ ನಾನು ನಿಂತಿದ್ದೇ ಇಲ್ಲ ಮಾರಾಯ್ತಿ.” ನನಗೆ ಆಗ ಇಪ್ಪತ್ತರ ಆಸುಪಾಸು. ಮಾತು ಪೂರ್ತಿ ಅರ್ಥವಾಗದಿದ್ದರೂ ಹೊಟ್ಟೆಕಿಚ್ಚಾಯಿತು.

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಯಜಮಾನರು ಹೋದರು. ಕಾರ್ಯ ಎಲ್ಲ ಮುಗಿದ ಮೇಲೆ ಮಗ ತಾಯಿಯನ್ನು ಭದ್ರಾವತಿಗೆ ಕರೆದೊಯ್ದ. ಹೊರಡುವ ದಿನ ದೊಡ್ಡಮ್ಮ ಎರಡೂ ಬಿಲ್ಲುಗಳನ್ನು ಹಳೇ ಸೀರೆಯಲ್ಲಿ ಸುತ್ತಿ ತಾವೇ ಕಂಕುಳಲ್ಲಿ ಇಟ್ಟುಕೊಂಡರು. “ಕ್ವಾರ್ಟರ್ಸ್ ಹಿಂದೆ ಬಯಲಿದೆಯಂತೆ ಕಣೇ. ಒಂದು ಗೋಣಿ ಕಟ್ಟಿಕೊಂಡರೆ ಆಯ್ತು, ಹೊತ್ತು ಹೋಗುತ್ತೆ” ಎಂದು ನನ್ನ ಕಿವಿಯಲ್ಲಿ ಹೇಳಿದರು. ಅತ್ತು ಅತ್ತು ಕೆಂಪಾದ ಕಣ್ಣಲ್ಲೂ ಅಷ್ಟು ಆಸೆ ಇತ್ತು.

ಕೆಲವು ತಿಂಗಳಾದ ಮೇಲೆ ನಾನು ಭದ್ರಾವತಿಗೆ, ಕಾರ್ಖಾನೆಯ ಕ್ವಾರ್ಟರ್ಸ್ ಇರುವ ಕಾಗದನಗರಕ್ಕೆ ಹೋಗಿದ್ದೆ. ಬಾಗಿಲು ದಾಟಿದರೆ ಎದುರಿಗೇ ಯಜಮಾನರ ಫೋಟೋ, ಹಾರ, ಊದುಬತ್ತಿ. ಫೋಟೋದ ಮೇಲೆ ಮೊಳೆ ಹೊಡೆದು ಎರಡೂ ಬಿಲ್ಲುಗಳನ್ನು ತೂಗುಹಾಕಿದ್ದರು. ಬಿಲ್ಲಿಗೂ ಮೂರು ಗೆರೆ ವಿಭೂತಿ, ಹೂವು. “ಅಪ್ಪನ ಬಿಲ್ಲು, ಅಕ್ಕ. ಮಕ್ಕಳಿಗೂ ಮುಟ್ಟಬೇಡಿ ಅಂದಿದೀನಿ” ಎಂದ ಮಗ. ಹೇಳುತ್ತಲೇ ಓರೆಯಾಗಿದ್ದ ಹಾರವನ್ನು ಸರಿಮಾಡಿದ. ದೊಡ್ಡಮ್ಮ ಅಲ್ಲೇ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದರು, ತಲೆ ಎತ್ತಲಿಲ್ಲ.

ಮಗ ಕೆಲಸಕ್ಕೆ ಹೋದ ಮೇಲೆ ಹಿಂದಿನ ಬಾಗಿಲಲ್ಲಿ ಕೂತೆವು. ಬಯಲು ಎದುರಿಗೇ ಇತ್ತು. ಬಿಲ್ಲನ್ನು ಹೆದೆ ಏರಿಸಿಯೇ ತೂಗುಹಾಕಿದ್ದು ನನಗೆ ಏನೂ ಅನ್ನಿಸಿರಲಿಲ್ಲ. ಅವರಿಗೆ ಸಂಕಟವಿದ್ದದ್ದೇ ಅದು. ಹೊಡೆದಾದ ಮೇಲೆ ಹೆದೆ ಇಳಿಸದಿದ್ದರೆ ಬಿದಿರು ಬಾಗಿದಂತೆಯೇ ಉಳಿದು ಕಸುವು ಕಳೆದುಕೊಳ್ಳುತ್ತದಂತೆ. “ಇಳಿಸೋ ಅಂದೆ. ಬಿಚ್ಚಿದರೆ ಬರೀ ಕೋಲು ಕಾಣುತ್ತಮ್ಮ ಅಂದ” ಎಂದರು.

“ನನಗೆ ಬೇಕು ಕೊಡು ಅಂತ ಕೇಳಬಾರದಾ ದೊಡ್ಡಮ್ಮ?”

ಅವರು ಬಯಲಿನ ಕಡೆ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು: “ಏನಂತ ಕೇಳಲಿ? ನಿಮ್ಮಪ್ಪ ಕೈಕಾಲು ಬಿದ್ದು ಕೂತಿದ್ದಾಗ ನಾನು ಖುಷಿಯಾಗಿದ್ದೆ ಕಣೋ ಅಂತ ಮಗನಿಗೆ ಹೇಳಲಾ?”

 ಆ ಮಗನನ್ನು ಬೈಯೋಣವೆಂದರೆ ಅವನು ಬೈಸಿಕೊಳ್ಳುವಂಥವನಾಗಿರಲಿಲ್ಲ; ತಾಯಿಯನ್ನು ಹೂವಿನ ಹಾಗೆ ನೋಡಿಕೊಂಡ. ಅವರೂ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಪೂಜೆ ಮುಗಿಸಿ, ಆ ಬಿಲ್ಲುಗಳಿಗೆ ಹೂ ಏರಿಸಿದರು. ಮುಂದೊಮ್ಮೆ ಹೋದಾಗ ಅವರೇ ಹೇಳಿದರು, “ಯಾರೂ ಇಲ್ಲದಾಗ ಒಂದಿನ ಮೊಳೆಯಿಂದ ತೆಗೆದು ಎಳೆದು ನೋಡಿದೆ ಕಣೇ. ಬಿಗುವೇ ಇಲ್ಲ. ಸತ್ತುಹೋಗಿದೆ.” ಹೇಳಿ, ಕಾಫಿ ಕಾಯಿಸಲು ಎದ್ದುಹೋದರು. ಅದಾಗಿ ಕೆಲವು ವರ್ಷಕ್ಕೆ ಅವರೂ ಹೋದರು. ಸುದ್ದಿ ನನಗೆ ತಡವಾಗಿ ತಿಳಿಯಿತು, ಮುಖ ನೋಡಲೂ ಆಗಲಿಲ್ಲ...

ಇದೇ ವಾರ ಒಂದು ಮದುವೆಯ ಊಟದ ಸಾಲಿನಲ್ಲಿ ಅವರ ಮೊಮ್ಮಗಳು ನನ್ನ ಪಕ್ಕದಲ್ಲಿ ಕೂತಳು. ಅವಳಿಗೂ ಈಗ ತಲೆ ನರೆತಿದೆ. ತಾತನ ಬಿಲ್ಲು ಇನ್ನೂ ಮನೆಯಲ್ಲಿದೆಯೆಂದು, ತಾತ ಎಂಥ ಬಿಲ್ಲುಗಾರರಾಗಿದ್ದರೆಂದು ಹೆಮ್ಮೆಯಿಂದ ಹೇಳಿದಳು. ನಾನು ಸುಮ್ಮನಿರಲಾಗದೆ, ನಿಮ್ಮಜ್ಜಿ ಅವರಿಗಿಂತ ಚೆನ್ನಾಗಿ ಹೊಡೆಯುತ್ತಿದ್ದರು ಎಂದೆ. ಅವಳು ನಕ್ಕಳು. “ನಮ್ಮಜ್ಜೀನಾ? ಪಾಪ, ಅವರಿಗೆ ಪೂಜೆ, ಅಡುಗೆ ಬಿಟ್ಟು ಇನ್ನೇನು ಗೊತ್ತಿತ್ತು?” ನಾನು ಇನ್ನೊಮ್ಮೆ ಹೇಳಿದೆ. ಅವಳು ಹೋಳಿಗೆ ಮುರಿಯುತ್ತಾ, ಮುದುಕರ ಮಾತಿಗೆ ತಲೆಯಾಡಿಸುವ ಹಾಗೆ ತಲೆಯಾಡಿಸಿದಳು. ದೊಡ್ಡಮ್ಮ ಬಾಣ ಬಿಟ್ಟದ್ದನ್ನು ಕಂಡವರಲ್ಲಿ ಈಗ ಬದುಕಿರುವವಳು ನಾನೊಬ್ಬಳೇ.