ಕೀಬೋರ್ಡಿನಲ್ಲೊಂದು ಖಾಲಿ ಜಾಗ

ಲ್ಯಾಪ್‌ಟಾಪ್ ಇನ್ನೇನು ನನ್ನ ಕೈಗೆ ಬರಬೇಕು, ಅಷ್ಟರಲ್ಲಿ ಆತ ಉಗುರಿನಿಂದ ಕೀಬೋರ್ಡಿನ ಒಂದು ಗುಂಡಿಯನ್ನು ಪಟಕ್ಕನೆ ಎಬ್ಬಿಸಿ ತೆಗೆದುಬಿಟ್ಟ.

ನಾನು ಹೌಹಾರಿದೆ. ಮಕ್ತಲ್ ಊರಿನ ಒಂದು ರಿಪೇರಿ ಅಂಗಡಿಯಲ್ಲಿ ಮೂರು ಹಳೆಯ ಲ್ಯಾಪ್‌ಟಾಪ್ ನೋಡಿ, ಯಾವುದನ್ನು ನಂಬುವುದೋ ತಿಳಿಯದೆ ಕೂತಿದ್ದಾಗ ನಾಲ್ಕನೆಯದನ್ನು ಮಾರಲು ಬಂದವನು ಆತ. ಮರಿಕಲ್ ಕಡೆಯ ಕುರಿಗಾಹಿ, ಹೆಗಲ ಮೇಲೆ ಕಂಬಳಿ. ಹೋದ ವರ್ಷ ತೀರಿಕೊಂಡ ಮಗಳದಂತೆ ಅದು. ಅಂಗಡಿಯವನು ತನ್ನವೆಲ್ಲ ಹೊಸದರಂತಿವೆ ಎಂದು ಹೊಗಳಿದ್ದ. ಈತ ಮಾತ್ರ ನಾನು ಕೇಳುವ ಮೊದಲೇ, ಕುರಿಯ ಬಾಯಿ ತೆರೆದು ಹಲ್ಲು ತೋರಿಸುವವನ ಹಾಗೆ, ಬ್ಯಾಟರಿ ಒಂದೇ ತಾಸು ಬರುತ್ತದೆ, ಒಂದು ಸ್ಪೀಕರ್ ಕೆಟ್ಟಿದೆ ಎಂದು ಹೇಳಿದ. ಅದಕ್ಕೇ ಅದನ್ನು ಆರಿಸಿದ್ದೆ.

“ಕುರಿ ಮಾರಿದ್ರ ಅದರ ಮೈಯಿಂದ ಒಂದೆಳಿ ಉಣ್ಣೆ ಕಿತ್ತು ಇಟ್ಕೊಂತೀವ್ರಿ, ಹಟ್ಟಿ ಸಿರಿ-ಬರಕತ್ತು ಪೂರಾ ಹೋಗಬಾರ್ದು ಅಂತ,” ಎಂದ. ಆಮೇಲೆ ಅಂಗೈಯಲ್ಲಿದ್ದ ಗುಂಡಿಯನ್ನೇ ನೋಡುತ್ತಾ ನಿಂತ. “ಉಣ್ಣೆ ಮತ್ತ ಬೆಳಿತೈತಿ. ಇದು ಬೆಳಿಯೂದಿಲ್ಲಲ್ರೀ?”

ವಾಪಸ್ ಕೊಡಲು ಕೈ ಚಾಚಿದ. ನಾನು ಅವನ ಬೆರಳುಗಳನ್ನು ಅದರ ಮೇಲೆಯೇ ಮಡಚಿದೆ.

ನಾರಾಯಣಪೇಟೆ ಜಿಲ್ಲೆಯಾದ ಮೇಲೆ ಅಲ್ಲಿನ ಜಿಲ್ಲಾ ಕಚೇರಿಯ ಎದುರು ಕೂತು ಜನರ ಅರ್ಜಿ ಟೈಪ್ ಮಾಡಿಕೊಡುವುದೇ ನನ್ನ ಕೆಲಸ. ಲ್ಯಾಪ್‌ಟಾಪ್ ಇವತ್ತಿನವರೆಗೂ ಕೈಕೊಟ್ಟಿಲ್ಲ. ಗುಂಡಿ ಹೋದ ಕಡೆ ಒತ್ತಿದರೂ ಅಕ್ಷರ ಮೂಡುತ್ತದೆ, ಹೊಸದು ಹಾಕಿಸಿಲ್ಲ. ದಿನವೂ ಎಷ್ಟೋ ಜನರ ಹೆಸರು ಕೇಳಿ ಬರೆಯುತ್ತೇನೆ. ಬೆರಳು ಆ ಖಾಲಿ ಜಾಗಕ್ಕೆ ಇಳಿದಾಗಲೆಲ್ಲ, ಆ ಹುಡುಗಿಯ ಹೆಸರನ್ನು ಮಾತ್ರ ಕೇಳಲಿಲ್ಲ ಎಂಬುದು ನೆನಪಾಗುತ್ತದೆ.