ಮಗ್ಗದ ಕುಣಿಯ ತಂಪು

ಈ ಬೇಸಿಗೆಯಲ್ಲಿ ನನ್ನ ಮೈದುನನ ಮನೆಯಲ್ಲಿ ಮಗ್ಗದ ಕುಣಿಗೆ ನೀರು ಚಿಮುಕಿಸುವುದು ನಿಂತುಹೋಯಿತು. ಅದನ್ನು ಗಮನಿಸಿದ ದಿನ ನನಗೂ ಖುಷಿಯೇ ಆಗಿತ್ತು.

ನಮ್ಮದು ನೇಕಾರರ ಮನೆ. ನಮ್ಮದೆಂದರೆ ನನ್ನ ಗಂಡನದು. ನಾನು ಹುಬ್ಬಳ್ಳಿಯಲ್ಲಿ ಕಾನ್ವೆಂಟ್ ಸಿಸ್ಟರ್‌ಗಳ ಕೈಯಲ್ಲಿ ಬೆಳೆದವಳು. ಮದುವೆಯಾಗಿ ಬಂದಾಗ ಲಾಳಿ ಯಾವುದು, ಹಣಿಗೆ ಯಾವುದು ಎಂದೂ ಗೊತ್ತಿರಲಿಲ್ಲ. ಗಜೇಂದ್ರಗಡದ ಗುಡ್ಡದ ಬುಡದಲ್ಲಿ, ಊರು ಮುಗಿದು ಹಳ್ಳ ಶುರುವಾಗುವಲ್ಲಿ ಆ ಮನೆ. ಮೈದುನ, ನೆಗೆಣ್ಣಿ ಇಬ್ಬರೂ ಈಗಲೂ ಅಲ್ಲಿ ಪಟ್ಟೇದಂಚಿನ ಸೀರೆ ನೇಯುತ್ತಾರೆ. ನಾನು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಹಡಿ ಹಿಡಿದು ಇದ್ದೇನೆ. ಸೋಮವಾರ ಬಂತೆಂದರೆ ಅವರ ಮನೆಯ ರೊಟ್ಟಿ ನನಗೆ ಬೇಕು.

ಕುಣಿ ಮಗ್ಗವೆಂದರೆ ನೆಲದಲ್ಲಿ ತೋಡಿದ ತಗ್ಗು. ನೇಯುವವನು ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು ಹಲಗೆ ತುಳಿಯುತ್ತಾನೆ. ಬೇಸಿಗೆಯ ಒಣಗಾಳಿಗೆ ನೂಲು ಪಟಪಟ ಹರಿಯುತ್ತದೆ. ಅದಕ್ಕೇ ನೆಗೆಣ್ಣಿ ತಂಬಿಗೆಯಲ್ಲಿ ನೀರು ತಂದು ಕುಣಿಯ ಗೋಡೆಗೆ ಚಿಮುಕಿಸುವಳು. ಈ ವರ್ಷ ಕುಣಿ ತಾನಾಗಿಯೇ ತಣ್ಣಗಿತ್ತು.

"ವೈನಿ, ಒಂಚೂರು ಕಾಲ ಇಳಿಬಿಟ್ಟ ನೋಡ್ರಿ," ಎಂದ ಮೈದುನ. "ಸಾವ್ಕಾರ ಮಂದಿ ಏಸಿ ಹಾಕಸ್ತಾರ. ನಮಗ ಭೂಮಿತಾಯಿನ ಹಾಕಿಸಿಕೊಟ್ಟಾಳ."

"ನೂಲ ಹರಿಯೂದ ಬಿಟ್ಟೈತ್ರಿ ಅಕ್ಕಾ," ಎಂದಳು ನೆಗೆಣ್ಣಿ. "ಇವ್ರ ಬೈಗುಳಾನೂ ಕಡಿಮಿ ಆಗ್ಯಾವು."

ಇಳಿಬಿಟ್ಟೆ. ಬೆರಳ ಸಂದಿಗೆ ಹಸಿ ಮಣ್ಣು. ಆಹಾ ಎನಿಸಿತು. ಆಮೇಲೆ ಚಹಾ ಕುಡಿಯುತ್ತ ಹಿತ್ತಲ ಬಾಗಿಲಿಂದ ಗುಡ್ಡ ನೋಡಿದೆ, ಚಹಾ ರುಚಿಸಲಿಲ್ಲ.

ಗುಡ್ಡದ ಮೇಲೆ ಎಂ-ಸ್ಯಾಂಡ್ ಮಾಡುವ ಕಾರ್ಖಾನೆ ಇದೆ. ಕಲ್ಲು ಪುಡಿ ಮಾಡಿ ತೊಳೆಯುತ್ತಾರೆ. ಮರಳು ಲಾರಿ ಏರುತ್ತದೆ. ತೊಳೆದುಳಿದ ಬೂದಿ ಬಣ್ಣದ ರಾಡಿ, ಕೊರಕಲಿಗೆ ಅಡ್ಡ ಕಟ್ಟಿದ ಮಣ್ಣಿನ ಒಡ್ಡಿನ ಹಿಂದೆ ನಿಲ್ಲುತ್ತದೆ. ತುಂಬಿದ ಹಾಗೆ, ಒಣಗಿದ ರಾಡಿಯನ್ನೇ ಎಳೆದೆಳೆದು ಒಡ್ಡನ್ನು ಎತ್ತರಿಸುತ್ತಾರೆ. ಹಿತ್ತಲಲ್ಲಿ ನಿಂತರೆ ಮೊದಲು ಗುಡ್ಡದ ನೆತ್ತಿ ಕಾಣುತ್ತಿತ್ತು. ಈಗ ಒಡ್ಡಿನ ನೆತ್ತಿ ಕಾಣುತ್ತದೆ.

ನನ್ನ ಗಂಡ ಸರ್ವಿಸ್ ಪೂರ್ತಿ ಕಳೆದದ್ದು ಒಂದು ಚಿನ್ನದ ಗಣಿಯಲ್ಲಿ. ನಮ್ಮ ಕ್ವಾರ್ಟರ್ಸಿನ ಕಿಟಕಿಯಿಂದ ಟೇಲಿಂಗ್ಸ್ ಡ್ಯಾಮ್ ಕಾಣುತ್ತಿತ್ತು. ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿಯುವ ರಾಡಿಯ ಕಟ್ಟೆ ಅದು. ಹಬ್ಬವಿರಲಿ, ಜ್ವರವಿರಲಿ, ದಿನಾ ಬೆಳಿಗ್ಗೆ ಅವರು ಕಟ್ಟೆಯ ಬುಡಕ್ಕೆ ಹೋಗಿ, ಜಿನುಗುವ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಬಿಸಿಲಿಗೆ ಎತ್ತಿ ನೋಡುತ್ತಿದ್ದರು. ತಿಳಿಯಾಗಿದ್ದರೆ ಸಿಳ್ಳೆ ಹಾಕುತ್ತ ತಿಂಡಿಗೆ ಬರುವರು. ಮಣ್ಣಿನ ಕಟ್ಟೆ ಜಿನುಗುವುದು ಸಹಜ, ಆದರೆ ಜಿನುಗಿದ ನೀರು ಕದಡಿದ್ದರೆ ಅದು ಒಳಗಿಂದ ಕಟ್ಟೆಯನ್ನೇ ತಿನ್ನುತ್ತಿದೆ ಎಂದು ಒಮ್ಮೆ ಹೇಳಿದರು. ಹೊಸ ಹೆಂಡತಿಗೆ ಹೇಳುವ ಮಾತೇ ಅದು? ಹೌ ರೊಮ್ಯಾಂಟಿಕ್, ಎಂದು ನಕ್ಕಿದ್ದೆ. ಅವರು ಹೋಗಿ ಬಹಳ ವರ್ಷವಾಯಿತು. ಆ ಸಿಳ್ಳೆ ಮಾತ್ರ ಕೆಲವು ಬೆಳಿಗ್ಗೆ ಈಗಲೂ ಕೇಳಿದಂತಾಗುತ್ತದೆ.

ಮುಂದಿನ ಸೋಮವಾರ ಖಾಲಿ ಜಾಮ್ ಬಾಟಲಿ ಒಯ್ದೆ. ಕುಣಿಯ ಮೂಲೆಯಲ್ಲಿ ನಿಂತ ನೀರನ್ನು ಮೆಲ್ಲಗೆ ತುಂಬಿಕೊಂಡೆ.

"ದವಾಖಾನಿಗೆ ಒಯ್ಯಾಕೇನ್ರಿ ಅಕ್ಕಾ?" ನೆಗೆಣ್ಣಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಮಗ್ಗಕ್ಕ ಸಕ್ಕರಿ ಬ್ಯಾನಿ ಬಂದೈತೇನು?"

ನೀರು ತಿಳಿಯಾಗಿತ್ತು. ಅದರ ಮುಂದಿನ ವಾರಗಳೂ ಹಾಗೆಯೇ. ಬಾಟಲಿ ಗೋಡೆಯ ಗೂಡಿನಲ್ಲಿ ಕೂತಿತು, ನನ್ನ ಬಾಟಲಿ ಮನೆಯವರ ಜೋಕ್ ಆಯಿತು. ಆಮೇಲೆ ಅಕಾಲದಲ್ಲಿ ಎರಡು ದೊಡ್ಡ ಮಳೆ ಬಂದವು. ಆ ಸೋಮವಾರ ತುಂಬಿದ ನೀರು ಊಟ ಮುಗಿಯುವಷ್ಟರಲ್ಲಿ ತಳಕ್ಕೆ ಬೂದಿ ಬಣ್ಣದ ತೆಳು ಪದರ ಬಿಟ್ಟಿತ್ತು. ಬೆರಳಿಗೆ ತಿಕ್ಕಿದೆ. ಪೌಡರಿನಷ್ಟು ನಯ. ನಮ್ಮ ಹಳ್ಳದ ಮಣ್ಣು ಕರಿದು, ಇದು ಅದಲ್ಲ.

ಆಟೋ ಮಾಡಿಕೊಂಡು ಗುಡ್ಡ ಹತ್ತಿದೆ. ಅಲ್ಲಿನ ಮ್ಯಾನೇಜರ್ ಒಳ್ಳೆಯ ಹುಡುಗ, ಕುರ್ಚಿ ಒರೆಸಿ ಕೊಟ್ಟ.

"ಮೇಡಂ, ಇದಕ್ಕ ಡ್ಯಾಮ್ ಅನ್ನಬ್ಯಾಡ್ರಿ. ಇದು ಸೆಟ್ಲಿಂಗ್ ಪಾಂಡ್ ಐತ್ರಿ, ರಾಡಿ ತಿಳಿಯಾಗೂ ಹೊಂಡ."

"ಹೆಸರು ಏನರೆ ಇರ್ಲಿ. ನೀರು ಒಡ್ಡಿಗೆ ಹತ್ತಿ ನಿಂತೈತಿ. ಹಿಂದ ಸರಿಸು. ರಾಡಿ ಬಿಡೂದು ನಿಲ್ಲಸು. ಇಂಜಿನಿಯರ್ ಒಬ್ಬರನ್ನ ಕರಸು, ಪ್ಲೀಸ್."

"ಮಳಿಗಾಲ ಬಂದು ಮುಗೀಲ್ರಿ, ನೋಡೂಣು. ಚಹಾ ತೊಗೋರಿ."

ಒಡ್ಡಿನ ಮೇಲೆ ಯಾರೂ ನಡೆದು ನೋಡಿದ ಗುರುತಿರಲಿಲ್ಲ. ಮಳೆಗೆ ಕೊರೆದ ಸೀಳುಗಳಲ್ಲಿ ಜಾಲಿ ಗಿಡ ಹುಟ್ಟಿದ್ದವು. ಕೆಳಗೆ ನಮ್ಮ ಮನೆಯ ಹೊಗೆ ಕಾಣುತ್ತಿತ್ತು. ಬರುವಾಗ ತಹಸೀಲ್ದಾರ ಕಚೇರಿಗೆ ಹೋಗಿ ಹೇಳಿದೆ. ಬಂದು ನೋಡುತ್ತೇವೆ ಎಂದರು.

ಮನೆಗೆ ಬಂದು ಹೇಳಿದೆ: "ತಮ್ಮಾ, ಇವತ್ತ ನನ್ನ ಕೂಡ ಬರ್ರಿ, ಇಬ್ಬರೂ."

"ಹಾಸು ಮುಗೀಲಿ, ವೈನಿ."

ಹಾಸು ಎಂದರೆ ಮಗ್ಗಕ್ಕೆ ಬಿಗಿದ ಉದ್ದ ನೂಲು. ಅದು ಅರ್ಧ ನೇಯ್ದಾಗಿತ್ತು. ಮುಗಿಯುವ ಮೊದಲು ಹಾಸು ಕತ್ತರಿಸುವುದು ಆ ಮನೆಯಲ್ಲಿ ಒಂದೇ ಸಂದರ್ಭಕ್ಕೆ: ನೇಯುವವನು ತೀರಿಕೊಂಡಾಗ. ಮಾವನವರು ಹೋದ ದಿನ ಕತ್ತರಿಸಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ.

"ಸ್ಟುಪಿಡ್ ಆಗಬ್ಯಾಡ," ಎಂದೆ.

"ನಾ ಇನ್ನೂ ಅದೀನಲ್ರಿ," ಎಂದು ಲಾಳಿ ಎಸೆದ. ನೆಗೆಣ್ಣಿ ಈ ಸಲ ನಗಲಿಲ್ಲ. ನನ್ನ ಕೈಯ ಬಾಟಲಿ ನೋಡುತ್ತ ನಿಂತಳು.

ನಾನು ಹೋಗಲಿಲ್ಲ. ಬಾಗಿಲ ಹತ್ತಿರ ಕೂತೆ. ಮಗ್ಗದ ಸದ್ದು, ಅದರ ಹಿಂದೆ ಗುಡ್ಡದ ಮಷೀನಿನ ಸದ್ದು. ಬಿಸಿಲು ಇಳಿಯುತ್ತಿತ್ತು. ಒಮ್ಮೆಲೆ ಮಗ್ಗ ನಿಂತಿತು.

"ಏನಾತ್ರಿ?" ಎಂದಳು ನೆಗೆಣ್ಣಿ.

"ಏನಿಲ್ಲ." ಅವನು ಕಾಲು ಅಲ್ಲಾಡಿಸದೆ ಕೂತಿದ್ದ. "ಕಾಲಾಗ ಯಾರೋ ಊದಿದಂಗಾತು."

ಬಗ್ಗಿ ನೋಡಿದೆವು. ಕುಣಿಯ ಮೂಲೆಯಲ್ಲಿ ನೀರು ಅನ್ನ ಕುದಿದಂತೆ ಸಣ್ಣಗೆ ಬುಳುಬುಳು ಏಳುತ್ತಿತ್ತು. ಎದ್ದಲ್ಲೆಲ್ಲ ಬೂದಿ ಬಣ್ಣದ ಕೆಸರು ಉಂಗುರವಾಗಿ ಕೂಡುತ್ತಿತ್ತು. ನೆಲದ ಒಳಗೆ ಒಂದು ದಾರಿ ಗುಡ್ಡದಿಂದ ನಮ್ಮ ಮನೆಯವರೆಗೆ ಬಂದು ಮುಟ್ಟಿತ್ತು.

ನೆಗೆಣ್ಣಿ ಗೂಡಿನಿಂದ ಕತ್ತರಿ ತಂದಳು.

"ಏ, ಏನ ಮಾಡಾಕತ್ತಿ? ನಾ ಸತ್ತೀನೇನು?"

"ಸತ್ತ ಮ್ಯಾಲೆ ಕತ್ತರಸಾಕ ನನಗ ಕೈ ಬರಂಗಿಲ್ರಿ. ಇದ್ದಾಗನ ಕತ್ತರಸ್ತೀನಿ. ಏಳ್ರಿ ಮ್ಯಾಲೆ!"

ಬಿಗಿದ ನೂಲು ಒಂದೇ ಸಲ ಸಡಿಲಾಗಿ ಅವನ ತೊಡೆಯ ಮೇಲೆ ಬಿತ್ತು. ಅವನು ಎದ್ದ. ನೆಗೆಣ್ಣಿ ಹಳ್ಳದ ದಂಡೆಯ ಮನೆಗಳಿಗೆಲ್ಲ ಹೋಗಿ ಬಾಗಿಲು ಬಡಿದಳು. ಬೇರೆಯವರಿಗೆ ಬಾಟಲಿ, ಒಡ್ಡು ಏನೂ ತಿಳಿಯಲಿಲ್ಲ. ನೇಯುವವನು ಬದುಕಿರುವಾಗಲೇ ಹಾಸು ಕತ್ತರಿಸಿದರು ಎಂಬುದು ತಿಳಿಯಿತು. ಹೆಚ್ಚಿನವರು ಆ ಸಂಜೆಯೇ ಬಿಟ್ಟು ಹೊರಟರು.

ಈಗ ಅವರಿಬ್ಬರೂ ನನ್ನ ಮಹಡಿಯಲ್ಲಿದ್ದಾರೆ. ಅರ್ಧ ಸೀರೆ ಸುತ್ತಿ ಕಪಾಟಿನ ಮೇಲಿಟ್ಟಿದ್ದೇವೆ. ಒಡ್ಡು ಇನ್ನೂ ನಿಂತಿದೆ, ಮಷೀನು ಇನ್ನೂ ತಿರುಗುತ್ತಿದೆ. ನೋಡಲು ಇನ್ನೂ ಯಾರೂ ಬಂದಿಲ್ಲ. ಹಾಲಿನವಳು ಕೇಳಿದಳು, "ಸುಮ್ನ ಅಂಜಿ ಬಂದ್ರೇನ್ರಿ?" ಎಂದು.

ನಿನ್ನೆ ಬೆಳಿಗ್ಗೆ, ಎಷ್ಟು ಬೇಡವೆಂದರೂ ಕೇಳದೆ, ಮೈದುನ ಮನೆ ನೋಡಿ ಬರುತ್ತೇನೆ ಎಂದು ನನ್ನ ಜಾಮ್ ಬಾಟಲಿ ಹಿಡಿದು ಹೋದ. ಅವನ ಹಿಂದೆಯೇ ಹೋಗಿ ರಸ್ತೆಯಲ್ಲಿ ನಿಂತೆ. ತೆರೆದ ಬಾಗಿಲಲ್ಲಿ ಕುಣಿಯೇ ಕಾಣಲಿಲ್ಲ. ನೆಲದ ಮಟ್ಟ ಮೀರಿ ಹೊಸ್ತಿಲವರೆಗೆ ಬೂದಿ ಬಣ್ಣದ ರಾಡಿ ನಿಂತಿತ್ತು. ಅವನು ಹೊಸ್ತಿಲಲ್ಲೇ ಬಗ್ಗಿ ಬಾಟಲಿ ತುಂಬಿಕೊಂಡು ಬಂದು, ಅಣ್ಣನ ಹಾಗೆಯೇ ಬಿಸಿಲಿಗೆ ಎತ್ತಿ ಹಿಡಿದ.

ಬಿಸಿಲು ಆಚೆಯಿಂದ ಈಚೆಗೆ ಬರಲಿಲ್ಲ.