ಮಾವನ ಬಿಲ್ಲಿನ ಹಿಡಿ

ಬಿಲ್ಲು ಮಾಡುವುದನ್ನು ನನಗೆ ಯಾರೂ ಕಲಿಸಲಿಲ್ಲ. ಮುರಿದ ಒಂದು ಹಳೆಯ ಬಿಲ್ಲು ನೋಡಿ ನಾನೇ ಕಲಿತೆ. ಬಾಣದ ಬಿಲ್ಲಲ್ಲ, ಜೋಳದ ಹೊಲಕ್ಕೆ ಬೀಳುವ ಗಿಳಿಗಳನ್ನು ಎಬ್ಬಿಸಲು ಒಣಗಿದ ಮಣ್ಣಿನ ಗುಂಡು ಹೊಡೆಯುವ ಬಿಲ್ಲು. ಎರಡು ಹುರಿ, ನಡುವೆ ಗುಂಡು ಇಡಲು ಚರ್ಮದ ತುಂಡು, ಅಷ್ಟೇ. ಎಪ್ಪತ್ತರ ದಶಕದ ಮೊದಲ ವರ್ಷಗಳವು, ನನಗೆ ಹತ್ತೊಂಬತ್ತು. ಮಿಶ್ರಿಕೋಟಿಯ ನಮ್ಮ ಹಿತ್ತಿಲಲ್ಲಿ ಎರಡು ಬಿಲ್ಲು ಮುರಿದು ಮೂರನೆಯದಕ್ಕೆ ಕೈ ಹಾಕಿದಾಗ, ಇದು ಶಲವಡಿಯ ಸೋದರಮಾವನಿಗೇ ಎಂದು ಗಟ್ಟಿ ಮಾಡಿಕೊಂಡೆ. ಅವರ ಬಿಲ್ಲು ಗೆದ್ದಲು ತಿಂದಿದೆ ಎಂದು ಅವ್ವ ಹೇಳಿದ್ದಳು.

ಕಟ್ಟಿಗೆ ದೇವಿಕೊಪ್ಪದ ಕಡೆಯಿಂದ ತಂದ ತಡಸಲು ಮರದ್ದು. ಬಾಗುತ್ತದೆ, ಬೇಗ ಮುರಿಯುವುದಿಲ್ಲ. ಆರು ತಿಂಗಳು ನೆರಳಲ್ಲಿ ಒಣಗಿಸಿದೆ. ಬಾಚಿಯಿಂದ ಕೆತ್ತಿ, ಗಾಜಿನ ಚೂರಿನಿಂದ ಹೆರೆದೆ. ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು ಹಿಡಿಕೆ. ಹೊಡೆದ ಗುಂಡು ಬಿಲ್ಲು ಹಿಡಿದವನ ಹೆಬ್ಬೆರಳಿನ ಪಕ್ಕದಲ್ಲೇ ಹಾಯುತ್ತದೆ. ಬೆರಳು ಅಡ್ಡ ಬರದಂತೆ ಹಿಡಿಕೆಯ ಒಂದು ಬದಿಗೆ ಗುಳಿ ತೋಡಬೇಕು ಎಂಬುದು ನಾನೇ ಕಂಡುಕೊಂಡ ವಿದ್ಯೆ.

ಯಾವ ಬದಿಗೆ? ಮಾವನನ್ನು ನಾನು ನೋಡುತ್ತಿದ್ದದ್ದು ಮದುವೆ ಮುಂಜಿಗಳ ಊಟದ ಸಾಲಿನಲ್ಲಿ ಮಾತ್ರ. ಅವರು ಬಲಗೈಯಲ್ಲಿ ಉಣ್ಣುತ್ತಿದ್ದರು, ಬಲಗೈಯಲ್ಲೇ ಎಲೆಅಡಿಕೆ ತೆಗೆದುಕೊಳ್ಳುತ್ತಿದ್ದರು. ಹಾಗಾದರೆ ಹುರಿ ಎಳೆಯುವುದು ಬಲಗೈ, ಬಿಲ್ಲು ಹಿಡಿಯುವುದು ಎಡಗೈ ಎಂದು ಎಡ ಹೆಬ್ಬೆರಳಿಗೆ ಗುಳಿ ತೋಡಿದೆ.

ಎಳ್ಳಮಾವಾಸ್ಯೆಗೆ ಹೊರಟೆ. ಬಸ್ಸಿನಲ್ಲಿ ಕಂಡಕ್ಟರ್, “ಏನ್ ತಮ್ಮಾ, ಯುದ್ಧಕ್ಕ ಹೊಂಟೀಯೇನ? ಹೋಗೂ ಟಿಕೀಟ ಅಷ್ಟ ಸಾಕಲ್ಲ?” ಎಂದ.

ಮಾವನ ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಮನೆಮಂದಿಯೆಲ್ಲ ಊಟಕ್ಕೆ ಸಾಲಾಗಿ ಕೂಡುವ ಹೊತ್ತು. ಮಾವ ಬಿಲ್ಲನ್ನು ಬಲಗೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು. ಹಿಡಿಕೆಯ ಮೇಲೆ ಬೆರಳಾಡಿಸಿ, ಗುಳಿಯ ಹತ್ತಿರ ಬಂದಾಗ ಬೆರಳು ನಿಲ್ಲಿಸಿದರು.

“ಅಗದಿ ಚಲೋ ಆಗೇತಿ ಅಳಿಯಾ. ಬಡಿಗ್ಯಾರ ಹೊಟ್ಟಿಮ್ಯಾಲೆ ಹೊಡಿತಿ ನೀ.”

“ಒಂದ ಗುಂಡ ಹೊಡದ ನೋಡ್ರಿ ಮಾವ.”

“ಉಂಡ ಮ್ಯಾಲೆ ನೋಡೂಣು.”

“ನೀವು ಉಣ್ಣೂದ್ರಾಗ ಗಿಳಿ ಉಂಡ ಹೋಗಿರ್ತಾವ್ರಿ,” ಎಂದೆ. ಎಲ್ಲರೂ ನಕ್ಕರು.

ಮಾವ ಎದ್ದು ಬಿಲ್ಲನ್ನು ಬಲಗೈಯಲ್ಲಿ ಹಿಡಿದು ಎಡಗೈಯಿಂದ ಹುರಿ ಎಳೆದರು. ನಾನು ನೋಡಿದೆ. ಬೇಡ ಎನ್ನಲು ಒಂದು ಉಸಿರಿನಷ್ಟು ಹೊತ್ತಿತ್ತು. ಅಷ್ಟು ಮಂದಿಯ ಮುಂದೆ ನನ್ನ ತಪ್ಪನ್ನು ನಾನೇ ಹೇಳಬೇಕಲ್ಲ ಎಂದು ಬಾಯಿ ಬರಲಿಲ್ಲ. ಗುಂಡು ನೇರ ಅವರ ಬಲ ಹೆಬ್ಬೆರಳಿನ ಗೆಣ್ಣಿಗೆ ಬಡಿಯಿತು.

ಅತ್ತೆ ಅರಿಷಿಣ ಮೆತ್ತುತ್ತ ನನ್ನ ಕಡೆ ತಿರುಗಿದಳು. “ನಿಮ್ಮ ಮಾವಾರು ಎಡಚರು, ಗೊತ್ತಿಲ್ಲೇನ ನಿನಗ? ಉಣ್ಣಾಕ ಅಷ್ಟ ಬಲಗೈ. ಅದೂ ನಮ್ಮತ್ತಿ ಸಣ್ಣಂದ್ರಾಗ ಬಡದು ಬಡದು ರೂಢಿ ಮಾಡಿಸಿದ್ದು.”

ಊಟಕ್ಕೆ ಕೂತಾಗ ಮಾವ ಸಾಲು ಬಿಟ್ಟು ಚಕ್ಕಡಿಯ ಮರೆಗೆ ಹೋದರು. ನಾನು ನೀರು ಒಯ್ದಾಗ ಎಡಗೈಯಲ್ಲಿ ರೊಟ್ಟಿ ಮುರಿಯುತ್ತಿದ್ದರು.

“ನಮ್ಮವ್ವ ಹತ್ತ ವರ್ಷ ಬಡದ ಕಲಿಸಿದ್ಳು, ನೀ ಒಂದ ಗುಂಡಿಗೆ ಮರಿಸಿದಿ ನೋಡಲೇ,” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಆ ಗೆಣ್ಣು ಮತ್ತೆ ಸರಿಯಾಗಿ ಮಡಚಲಿಲ್ಲ. ತುತ್ತು ಕಟ್ಟಿದರೆ ಜಾರುತ್ತಿತ್ತು. ಮುಂದಿನ ಸಲ ಹೋದಾಗ ಇನ್ನೊಂದು ಬದಿಗೂ ಗುಳಿ ತೋಡಿದೆ. ಅರ್ಧ ತಾಸಿನ ಕೆಲಸ. ಅದನ್ನು ಮೊದಲೇ ಮಾಡಬಹುದಿತ್ತು. ಅವ್ವನನ್ನು ಒಂದು ಮಾತು ಕೇಳಿದ್ದರೂ ಸಾಕಿತ್ತು, ಅವಳ ಸ್ವಂತ ಅಣ್ಣ.

ಎರಡು ವರ್ಷದ ಮೇಲೆ ನನ್ನ ತಂಗಿಯ ಮದುವೆ. ಊಟದ ಸಾಲಿನಲ್ಲಿ ಮಾವ ಇರಲಿಲ್ಲ. ಹುಡುಕಿದರೆ ದನದ ಕೊಟ್ಟಿಗೆಯ ಹಿಂದೆ ಒಬ್ಬರೇ, ಎಡಗೈಯಲ್ಲಿ ಉಣ್ಣುತ್ತಿದ್ದರು. ನನ್ನ ಎಲೆ ತಂದು ಪಕ್ಕ ಕೂತೆ.

“ಸಾಲಿಗೆ ಹೋಗಲೇ,” ಎಂದರು. “ಹುಡುಗಿ ಅಣ್ಣ ಇಲ್ಲಿ ಕುಂತ್ರ ಬೀಗರು ಏನಂದಾರು.”

ನಾನು ಎದ್ದು ಹೋದೆ.